ಮೇಸ್ತ್ರಿ ಕಡೆಯವರು ಅಂದ್ರೆ ನಿಮ್ಮ ಕಡೆಯವರೇ

ಸಕಲೇಶಪುರ, ಮೂಡಿಗೆರೆ, ಆಲ್ದೂರು ಸುತ್ತಿನ ಕಾಫಿ ತೋಟಗಳಲ್ಲಿ ಆಳುಗಳ ಲೆಕ್ಕ ಸಾಮಾನ್ಯವಾಗಿ ಎರಡಿರುತ್ತದೆ. ಒಂದು ಮಾಲೀಕರು ಬಾಯಲ್ಲಿ ಹೇಳುವುದು: ‘ನಮ್ಮಲ್ಲಿ ಇರೋದು ಎಂಟೇ ಜನ. ಉಳಿದವರೆಲ್ಲ ಮೇಸ್ತ್ರಿ (ಹೊರಗಿನಿಂದ ಆಳು ಕರೆತರುವವನು) ಕಡೆಯವರು.’ ಇನ್ನೊಂದು ರೈಟರ್ (ತೋಟದ ಗುಮಾಸ್ತ) ಬರೆಯುವ ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ಇರುತ್ತದೆ. ಡಿಸೆಂಬರ್ ತಿಂಗಳ ಪುಟ ತೆಗೆದು ನೋಡಿ. ಎಂಟು ಹೆಸರು, ಎದುರಿಗೆ ಹಾಜರಿ. ಅದರ ಕೆಳಗೆ ‘ಅಸ್ಸಾಂ ಗ್ಯಾಂಗ್ 22’ ಅಂತ ಒಂದೇ ಸಾಲು. ಹೆಸರಿಲ್ಲ, ವಯಸ್ಸಿಲ್ಲ, ಊರಿಲ್ಲ. ಆ ದಿನ ಕೊಯ್ದ ಹಣ್ಣಿನ ಕೆಜಿ, ಮೇಸ್ತ್ರಿಗೆ ಕೊಟ್ಟ ದುಡ್ಡು, ಅವನ ಒಂದು ಗೀಚು ಸಹಿ. ಅಷ್ಟೇ.

ತೋಟದವರಿಗೆ ಬರುವ ಕಾರ್ಮಿಕ ಕಾನೂನಿನ ತೊಂದರೆಯಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನಿಂದಲೇ ಶುರುವಾಗುತ್ತದೆ ಅನ್ನೋದು ನನ್ನ ಅನಿಸಿಕೆ. ಮೇಸ್ತ್ರಿ ನಡುವೆ ಇದ್ದರೆ ಜವಾಬ್ದಾರಿ ಅವನದು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಕಾನೂನು ಹಾಗೆ ನೋಡುವುದಿಲ್ಲ. ಕೂಲಿ, ಮುಂಗಡ, ಅಪಘಾತ, ಯಾವುದೇ ಇರಲಿ, ಕೊನೆಗೆ ಅದು ಬಂದು ನಿಲ್ಲುವುದು ತೋಟದ ಗೇಟಿನ ಮುಂದೆಯೇ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ ಮುಗಿಸಿಬಿಡೋಣ. ‘ಕಾನೂನೆಲ್ಲ ಬದಲಾಯ್ತಂತೆ, ಅಲ್ವಾ?’ ಹೌದು, 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನಕ್ಕೆ ಒಂದು, ಕೈಗಾರಿಕಾ ಸಂಬಂಧಗಳಿಗೆ ಒಂದು, ಸಾಮಾಜಿಕ ಭದ್ರತೆಗೆ ಒಂದು, ಕೆಲಸದ ಜಾಗದ ಸುರಕ್ಷತೆಗೆ ಒಂದು. 29 ಹಳೇ ಕಾಯ್ದೆಗಳು ಇವುಗಳೊಳಗೆ ಸೇರಿಹೋದವು. ನಮ್ಮ ತೋಟಗಳಿಗೆ ಅಂತಲೇ ಇದ್ದ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೂ ಅದರಲ್ಲಿ ಒಂದು. ಆದರೆ ಎಲ್ಲವೂ ಬದಲಾಗಿಲ್ಲ. ರಾಜ್ಯದ್ದೇ ಆದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಗೇ ಇದೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ಕಾಯ್ದೆಯೂ ಇದೆ. ಜೀತ, ಬಾಲಕಾರ್ಮಿಕ ಪದ್ಧತಿ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ, ಇವುಗಳ ಕಾನೂನನ್ನು ಯಾರೂ ಮುಟ್ಟಿಲ್ಲ. ಹಳೇ ನಿಯಮಗಳೂ ಹೊಸ ಸಂಹಿತೆಗೆ ವಿರುದ್ಧವಾಗಿಲ್ಲದಿದ್ದರೆ ಸದ್ಯಕ್ಕೆ ನಡೆಯುತ್ತವೆ.

ತಲೆ ಎಣಿಸುವ ದಿನ ಯಾವುದು?

ಯಾವ ಕಾನೂನು ನಿಮಗೆ ಅನ್ವಯಿಸುತ್ತದೆ ಅನ್ನುವುದು ಎರಡು ಅಂಕಿಗಳ ಮೇಲೆ ನಿಂತಿದೆ: ಎಷ್ಟು ಜಾಗ, ಎಷ್ಟು ಜನ. ಕಾಫಿ, ಟೀ, ಏಲಕ್ಕಿ, ರಬ್ಬರ್ ತೋಟ 5 ಹೆಕ್ಟೇರ್ ಇದ್ದರೆ, ಅಂದರೆ ಹನ್ನೆರಡೂಕಾಲು ಎಕರೆಗಿಂತ ಚೂರು ಜಾಸ್ತಿ ಇದ್ದರೆ, ಅದು ಕಾನೂನಿನ ಲೆಕ್ಕದಲ್ಲಿ ಪ್ಲಾಂಟೇಶನ್. ಹಳೇ ಕಾಯ್ದೆಯಲ್ಲಿ ಇದರ ಜೊತೆ 15 ಜನ ಕೆಲಸಗಾರರಿರಬೇಕಿತ್ತು. ಹೊಸ ಸಂಹಿತೆಯಲ್ಲಿ ಅದು 10ಕ್ಕೆ ಇಳಿದಿದೆ.

ಇಲ್ಲಿಯೇ ಬಹಳ ಜನ ಎಡವುವುದು. ಜೂನ್ ತಿಂಗಳ ಮಳೆಯಲ್ಲಿ ತೋಟದಲ್ಲಿ ಆರು ಜನ ಇರಬಹುದು. ಆ ಲೆಕ್ಕ ಹಿಡಿದು ‘ನಮಗಿದು ಬರಲ್ಲ’ ಅನ್ನುವಂತಿಲ್ಲ. ಹಳೇ ತೋಟದ ಕಾಯ್ದೆಯಲ್ಲೂ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ತಕ್ಕಂತೆ ಕೊಡುವ ಇಡಿಗಂಟು) ವಿಷಯದಲ್ಲೂ ಮಾತು ಒಂದೇ: ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಒಂದು ದಿನ ಅಷ್ಟು ಜನ ಇದ್ದರೆ ಸಾಕು. ಕೊಯ್ಲು ಜೋರಾಗಿದ್ದ ಡಿಸೆಂಬರ್‌ನ ಒಂದು ದಿನವೇ ನಿಮ್ಮ ಲೆಕ್ಕ. ಆ ದಿನ ಗ್ಯಾಂಗಿನ 22 ಜನವೂ ಎಣಿಕೆಗೆ ಬರುತ್ತಾರೆ.

ಇದಕ್ಕೊಂದು ಉಪಾಯ ಅಂತ ಅಣ್ಣತಮ್ಮಂದಿರ ಹೆಸರಿಗೆ ನಾಲ್ಕು ನಾಲ್ಕು ಹೆಕ್ಟೇರ್ ಪಹಣಿ ಮಾಡಿಸಿಡುವವರಿದ್ದಾರೆ. ನಿಜವಾಗಿ ಭಾಗವಾಗಿ ಬೇರೆ ಬೇರೆ ನಡೆಸುತ್ತಿದ್ದರೆ ಸರಿ. ಆದರೆ ಕಣ ಒಂದೇ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಒಂದೇ, ರೈಟರ್ ಒಬ್ಬನೇ, ಚೆಕ್‌ರೋಲ್ ಒಂದೇ ಆಗಿದ್ದರೆ ತಪಾಸಣೆಗೆ ಬಂದವರು ಪಹಣಿಯ ಜೊತೆ ಇದನ್ನೆಲ್ಲ ನೋಡುತ್ತಾರೆ. ಕೋರ್ಟೂ ಅಷ್ಟೇ.

5 ಹೆಕ್ಟೇರ್‌ಗಿಂತ ಕಡಿಮೆ ಇರುವವರು ಪೂರ್ತಿ ನಿರಾಳ ಅಂತಲ್ಲ. ಲೈನ್ ಮನೆ (ಆಳುಗಳಿಗೆ ಕಟ್ಟಿಸಿದ ಸಾಲು ಮನೆ), ಶಿಶುವಿಹಾರ, ಮಕ್ಕಳ ಶಿಕ್ಷಣ, ಔಷಧೋಪಚಾರ ಇವುಗಳ ಕಡ್ಡಾಯ ಇಲ್ಲ ಅಷ್ಟೇ. ಕನಿಷ್ಠ ಕೂಲಿ ಒಬ್ಬ ಆಳಿದ್ದರೂ ಕೊಡಬೇಕು. ವ್ಯವಸಾಯಕ್ಕೆ ಐದು ಜನಕ್ಕಿಂತ ಜಾಸ್ತಿ ಇಟ್ಟುಕೊಳ್ಳದವರಿಗೆ ವೇತನ ಸಂಹಿತೆ ರಿಜಿಸ್ಟರ್ ಬರೆಯುವುದರಿಂದ ವಿನಾಯಿತಿ ಕೊಟ್ಟಿದೆ. ಆದರೂ ಅಧಿಕಾರಿ ಕೇಳಿದಾಗ ಕೂಲಿ ಕೊಟ್ಟಿದ್ದಕ್ಕೆ ಏನಾದರೂ ಪುರಾವೆ ತೋರಿಸಬೇಕು.

ಕೊಟ್ಟಿದ್ದೀನಿ ಅಂತ ತೋರಿಸೋದು ನಿಮ್ಮ ಕೆಲಸ

ಕೊಯ್ಲಿನಲ್ಲಿ ಕೂಲಿ ಕೆಜಿ ಲೆಕ್ಕ. ಇದರಲ್ಲಿ ತಪ್ಪೇನಿಲ್ಲ. ಕಾಯಿ ತುಂಬಿದ ಗಿಡಗಳಲ್ಲಿ ಚುರುಕಿನವರು ದಿನಗೂಲಿಗಿಂತ ಚೆನ್ನಾಗಿಯೇ ದುಡಿಯುತ್ತಾರೆ. ಕಷ್ಟ ಬರುವುದು ಮೊದಲ ಸುತ್ತಿನ ಬಿಡಿ ಹಣ್ಣಿನ ಕೊಯ್ಲಿನಲ್ಲಿ ಮತ್ತು ಕೊನೆಯ ಸುತ್ತಿನಲ್ಲಿ. ಇಡೀ ದಿನ ಗಿಡದಿಂದ ಗಿಡಕ್ಕೆ ನಡೆದರೂ ಚೀಲ ತುಂಬುವುದಿಲ್ಲ. ಕೆಜಿ ಲೆಕ್ಕದಲ್ಲಿ ಬಂದ ದುಡ್ಡು ಸರ್ಕಾರ ನಿಗದಿ ಮಾಡಿದ ದಿನದ ಕನಿಷ್ಠ ಕೂಲಿಗಿಂತ ಕಡಿಮೆಯಾದರೆ ಉಳಿದದ್ದನ್ನು ನೀವು ತುಂಬಿಕೊಡಬೇಕು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ಮಾಡಿಸುವ ಕೆಲಸ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿಬಿಟ್ಟಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಕೇಸು ಅದು.

ಈಗ ಮೇಸ್ತ್ರಿಗೆ ಬರೋಣ. ನೀವು ಅವನಿಗೆ ಒಟ್ಟು ದುಡ್ಡು ಕೊಡುತ್ತೀರಿ. ಅವನು ತನ್ನ ಕಮಿಷನ್ ಹಿಡಿದು ಹಂಚುತ್ತಾನೆ, ಅಥವಾ ಹಂಚುವುದಿಲ್ಲ. ಒಂದು ಬೆಳಗ್ಗೆ ಅವನ ಫೋನ್ ಸ್ವಿಚ್ಡ್ ಆಫ್. ಆಗ ಆ 22 ಜನ ಬಂದು ನಿಮ್ಮ ಅಂಗಳದಲ್ಲಿ ಕೂರುತ್ತಾರೆ. ‘ನಾನು ಅವನಿಗೆ ಕೊಟ್ಟಾಗಿದೆ’ ಅನ್ನುವುದು ಉತ್ತರವಲ್ಲ. ವೇತನ ಸಂಹಿತೆ ಪ್ರಕಾರ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಆ ಸಂಸ್ಥೆಯ ಮಾಲೀಕರೇ ಹೊಣೆ. ಅಂದರೆ ಎರಡನೇ ಸಲ ಕೊಡಬೇಕು, ಆಮೇಲೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಬೇಕು. ಸಿಕ್ಕರೆ.

‘ಗುತ್ತಿಗೆ ಕಾರ್ಮಿಕರ ನಿಯಮ ಈಗ 50 ಜನಕ್ಕಿಂತ ಕಡಿಮೆ ಇದ್ದರೆ ಇಲ್ಲವಂತೆ’ ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಲೈಸೆನ್ಸ್ ವಗೈರೆಗೆ ಆ 50ರ ಮಿತಿ ನಿಜ. ಕೂಲಿಯ ಹೊಣೆಗೆ ಆ ಮಿತಿ ಇಲ್ಲ. ಇನ್ನೊಂದು ವಿಷಯವೂ ಇದೆ. ಎಲ್ಲಿ ಕೊಯ್ಯಬೇಕು ಅಂತ ಹೇಳುವವನು ನಿಮ್ಮ ರೈಟರ್. ತೂಕ ಹಾಕುವವನು ಅವನೇ. ಚೀಲ, ಏಣಿ, ಮನೆ ನಿಮ್ಮದು. ಹೀಗಿರುವಾಗ ಮೇಸ್ತ್ರಿ ಗುತ್ತಿಗೆದಾರನೇ ಅಲ್ಲ, ಬರೀ ಜನ ಕರೆತಂದವನು ಅಂತ ಕೋರ್ಟ್ ಹೇಳಬಹುದು. 1978ರಲ್ಲಿ ಕೇರಳದ ಹಗ್ಗದ ಕಾರ್ಖಾನೆಯೊಂದರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿತು. ನಡುವೆ ಎಷ್ಟು ಗುತ್ತಿಗೆದಾರರಿದ್ದರೂ ಪರದೆ ಸರಿಸಿ ನೋಡಿದಾಗ ಕೆಲಸ ಯಾರದೋ, ಹಿಡಿತ ಯಾರದೋ, ಅವರೇ ಮಾಲೀಕರು.

ತಗಾದೆ ಬಂದಾಗ ‘ಕೊಟ್ಟಿಲ್ಲ’ ಅಂತ ಕೆಲಸಗಾರರು ಸಾಬೀತು ಮಾಡಬೇಕಾಗಿಲ್ಲ. ‘ಕೊಟ್ಟಿದ್ದೇನೆ’ ಅಂತ ನೀವು ಸಾಬೀತು ಮಾಡಬೇಕು. ಇದು ವೇತನ ಸಂಹಿತೆಯಲ್ಲಿ ನೇರವಾಗಿ ಬರೆದಿರುವ ಮಾತು. ತಗಾದೆ ತೆಗೆಯಲು ಅವರಿಗೆ 3 ವರ್ಷ ಸಮಯ ಇದೆ. ಹಾಗಾಗಿ ಆ ‘ಅಸ್ಸಾಂ ಗ್ಯಾಂಗ್ 22’ ಅನ್ನುವ ಸಾಲನ್ನು ಒಡೆದು 22 ಸಾಲು ಮಾಡಿ. ಹೆಸರು, ವಯಸ್ಸು, ಊರು, ಮನೆಯವರ ಫೋನ್ ನಂಬರ್, ದಿನದ ಕೆಜಿ, ಕೊಟ್ಟ ಹಣ. ಆದಷ್ಟು ಅವರವರ ಖಾತೆಗೇ ಹಾಕಿ. ಈಗ ಎಲ್ಲರ ಹತ್ತಿರವೂ ಫೋನ್‌ಪೇ ಇದೆ. ಮೇಸ್ತ್ರಿಗೆ ಅವನ ಕಮಿಷನ್ ಬೇರೆ ಕೊಟ್ಟು ಬೇರೆ ಬರೆಸಿ. ಅವನು ಮುಖ ಸಿಂಡರಿಸುತ್ತಾನೆ, ‘ಬೇರೆ ತೋಟದವರು ಹೀಗೆ ಮಾಡಲ್ಲ’ ಅನ್ನುತ್ತಾನೆ. ಅನ್ನಲಿ ಬಿಡಿ.

ಮುಂಗಡ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಕೂಲಿ ಬಾಕಿಯ ಕೇಸು ದುಡ್ಡಲ್ಲಿ ಮುಗಿಯುತ್ತದೆ, ಮುಂಗಡದ ಕೇಸು ಜೈಲಿನವರೆಗೂ ಹೋಗಬಹುದು.

ಆಳು ಸಿಗಲ್ಲ ಅನ್ನುವ ಭಯಕ್ಕೆ ಅಕ್ಟೋಬರ್‌ನಲ್ಲೇ ಮುಂಗಡ ಕೊಟ್ಟು ಜನ ಹಿಡಿದಿಡುವುದು ನಮ್ಮಲ್ಲಿ ಮಾಮೂಲು. ಮುಂಗಡ ಕೊಡುವುದು ಅಪರಾಧವಲ್ಲ. ‘ತೀರಿಸೋ ತನಕ ಹೋಗಂಗಿಲ್ಲ’ ಅಂದ ಕ್ಷಣ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೊಳಗೆ ಬೀಳುತ್ತದೆ. ಆಧಾರ್ ಕಾರ್ಡ್ ಇಟ್ಟುಕೊಳ್ಳುವುದು, ಸಂತೆಗೆ ಹೋಗಲು ಬಿಡದಿರುವುದು, ಗಂಡ ಊರಿಗೆ ಹೋದರೆ ಹೆಂಡತಿ ಮಕ್ಕಳು ಇಲ್ಲೇ ಇರಲಿ ಅನ್ನುವುದು, ಇವೆಲ್ಲ ಅದರ ಗುರುತುಗಳು. ಶಿಕ್ಷೆ 3 ವರ್ಷದವರೆಗೆ ಜೈಲು. ಕೊಟ್ಟ ಸಾಲವೂ ಅಲ್ಲಿಗೆ ಮುಗಿದುಹೋಗುತ್ತದೆ, ವಸೂಲಿ ಇಲ್ಲ. ಕೆಲಸಗಾರರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯೂ ಸೇರಿಕೊಳ್ಳುತ್ತದೆ. ನಮ್ಮ ತೋಟಗಳಲ್ಲಿ ಅಂಥವರೇ ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತು.

ಇಲ್ಲೂ ಮೇಸ್ತ್ರಿ ಅಡ್ಡ ಬರುವುದಿಲ್ಲ. ಅವನು ಗೇಟಿಗೆ ಬೀಗ ಹಾಕಿಸಿದರೂ ಗೇಟು ನಿಮ್ಮದೇ ಅಲ್ವಾ?

ಹಾಗಾದರೆ ಮುಂಗಡ ವಾಪಸ್ ಬರುವುದು ಹೇಗೆ? ಕೆಲಸಕ್ಕೆ ಸೇರುವ ಮೊದಲೇ ಕೊಟ್ಟ ಮುಂಗಡವನ್ನು ಮೊದಲ ಪೂರ್ತಿ ಕೂಲಿಯಲ್ಲಿ ಹಿಡಿಯಬಹುದು. ಆದರೆ ಯಾವ ಬಾಬತ್ತಿನದ್ದೇ ಇರಲಿ, ಒಟ್ಟು ಕಡಿತ ಕೂಲಿಯ ಅರ್ಧ ದಾಟುವಂತಿಲ್ಲ. ಬಸ್ಸು ರೈಲಿನ ಖರ್ಚಿಗೆ ಅಂತ ಕೊಟ್ಟ ಮುಂಗಡವನ್ನಂತೂ ಹಿಡಿಯುವಂತೆಯೇ ಇಲ್ಲ. ಗುವಾಹಟಿಯಿಂದ ಬರಲು ಕೊಟ್ಟ ಟಿಕೆಟ್ ದುಡ್ಡು ನಿಮ್ಮ ಖರ್ಚು. ಅದನ್ನು ಆಳಿನ ತಲೆಗೆ ಕಟ್ಟುವುದು ಎಲ್ಲ ಕಡೆ ನಡೆಯುತ್ತದೆ, ಆದರೂ ತಪ್ಪು ತಪ್ಪೇ. ನನ್ನ ಸಲಹೆ ಕೇಳಿದರೆ, ಕೈಬಿಟ್ಟರೂ ನಿದ್ದೆ ಕೆಡದಷ್ಟು ಮಾತ್ರ ಮುಂಗಡ ಕೊಡಿ.

ಏಣಿ ಮತ್ತು ತಂತಿ

ಕಾಫಿ ಮುಗಿದ ಮೇಲೆ ಕಾಳುಮೆಣಸಿನ ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಹತ್ತುತ್ತಾರೆ. ಅಲ್ಯೂಮಿನಿಯಂ ಏಣಿ ಹಗುರ, ಒಬ್ಬನೇ ಮರದಿಂದ ಮರಕ್ಕೆ ಸಾಗಿಸಬಹುದು. ಪ್ರತಿ ಸಲ ಇಳಿಸಿ ಮಲಗಿಸಿ ಒಯ್ಯುವಷ್ಟು ತಾಳ್ಮೆ ಯಾರಿಗಿರುತ್ತದೆ? ನಿಲ್ಲಿಸಿಕೊಂಡೇ ತಿರುಗಿಸುತ್ತಾರೆ. ತೋಟದ ನಡುವೆ ಹಾದುಹೋದ ಕರೆಂಟು ತಂತಿಗೆ ಏಣಿಯ ತುದಿ ತಾಗುತ್ತದೆ. ಮಲೆನಾಡಿನಲ್ಲಿ ಇಂಥ ಸಾವಿನ ಸುದ್ದಿ ಬರದ ವರ್ಷವೇ ಕಡಿಮೆ. ಮರಗಸಿಯಲ್ಲೂ ಅಷ್ಟೇ, ಕೊಂಬೆ ಕಡಿಯುವವನು ಬೀಳುತ್ತಾನೆ, ಇಲ್ಲ ಕೊಂಬೆ ಇನ್ನೊಬ್ಬರ ಮೇಲೆ ಬೀಳುತ್ತದೆ.

ಪರಿಹಾರದ ಲೆಕ್ಕ ಹೀಗಿದೆ. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 40 ವರ್ಷದವರಿಗೆ ಆ ಅಂಕಿ 184.17. 30 ವರ್ಷದವರಿಗೆ 207.98. ತಿಂಗಳಿಗೆ 12,000 ರೂಪಾಯಿ ದುಡಿಯುವ 40 ವರ್ಷದವನು ತೀರಿಕೊಂಡರೆ ಪರಿಹಾರ 11 ಲಕ್ಷ ರೂಪಾಯಿ ದಾಟುತ್ತದೆ. ತಡ ಮಾಡಿದರೆ ಬಡ್ಡಿ. ಕಾರಣವಿಲ್ಲದೆ ತಡ ಮಾಡಿದರೆ ಪರಿಹಾರದ ಅರ್ಧದವರೆಗೆ ದಂಡ.

ಅಪಘಾತವಾದ ಸಂಜೆ ಕೇಳಿಬರುವ ಮೂರು ಮಾತುಗಳಿವೆ. ಮೂರೂ ನಿಲ್ಲುವುದಿಲ್ಲ.

‘ಅವನು ಮೇಸ್ತ್ರಿ ಕಡೆಯವನು.’ ತೋಟದ ಮಾಮೂಲಿ ಕೆಲಸವನ್ನೇ ಗುತ್ತಿಗೆದಾರನ ಮೂಲಕ ಮಾಡಿಸಿದ್ದರೆ ಪರಿಹಾರವನ್ನು ನೇರವಾಗಿ ತೋಟದ ಮಾಲೀಕರಿಂದಲೇ ಕೇಳಬಹುದು.

‘ಕುಡಿದಿದ್ದ.’ ಸಣ್ಣಪುಟ್ಟ ಗಾಯಕ್ಕೆ ಈ ವಾದ ನಡೆಯುತ್ತದೆ. ಸಾವಿಗೆ ಮತ್ತು ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ ನಡೆಯುವುದಿಲ್ಲ.

‘ಮನೆಯವರ ಜೊತೆ ಮಾತಾಡಿ ಮುಗಿಸಿದ್ದೇವೆ.’ ಇದು ಎಲ್ಲಕ್ಕಿಂತ ಅಪಾಯದ್ದು. ಊರ ಹಿರಿಯರನ್ನು ಕೂರಿಸಿ ಎರಡು ಮೂರು ಲಕ್ಷ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತು ಅಂದುಕೊಳ್ಳುತ್ತಾರೆ. ಸಾವಿನ ಪರಿಹಾರವನ್ನು ಕಾನೂನು ನೇಮಿಸಿದ ಅಧಿಕಾರಿಯ ಮುಂದೆಯೇ ಠೇವಣಿ ಇಡಬೇಕು. ನೇರವಾಗಿ ಕೊಟ್ಟಿದ್ದು ಪರಿಹಾರ ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ವರ್ಷ ವಕೀಲರ ನೋಟಿಸ್ ಬಂದಾಗ ಮತ್ತೆ ಮೊದಲಿನಿಂದ ಕಟ್ಟಬೇಕು.

ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇನ್ನೆರಡು ಮಾತಿವೆ. ಮನೆಯಿಂದ ಕೆಲಸಕ್ಕೆ ಬರುವಾಗ, ಹೋಗುವಾಗ ಆದ ಅಪಘಾತವೂ ಕೆಲಸಕ್ಕೆ ಸಂಬಂಧಪಟ್ಟಿದ್ದು ಅಂತ ತೋರಿದರೆ ಪರಿಹಾರಕ್ಕೆ ಬರುತ್ತದೆ. ಪಿಕಪ್ ಹಿಂದೆ ಇಪ್ಪತ್ತು ಜನರನ್ನು ನಿಲ್ಲಿಸಿಕೊಂಡು ಬರುವವರು ಇದನ್ನು ಎರಡು ಸಲ ಓದಿ. ಗಾಡಿಯ ವಿಮೆಯವರು ‘ಸರಕು ವಾಹನದಲ್ಲಿ ಜನ ಸಾಗಿಸಿದ್ದೀರಿ’ ಅಂತ ಮೊದಲ ದಿನವೇ ತಕರಾರು ತೆಗೆಯುತ್ತಾರೆ. ಇನ್ನೊಂದು, ತೋಟದವರು ಕೊಟ್ಟ ಮನೆ ಕುಸಿದು ಕೆಲಸಗಾರರಿಗೋ ಅವರ ಮನೆಯವರಿಗೋ ಏನಾದರೂ ಆದರೆ ಅದಕ್ಕೂ ಪರಿಹಾರ. ಪ್ರಕೃತಿ ವಿಕೋಪದಿಂದ ಕುಸಿದಿದ್ದು ಅಥವಾ ಅಲ್ಲಿದ್ದವರದ್ದೇ ತಪ್ಪು ಅಂತಾದರೆ ಮಾತ್ರ ವಿನಾಯಿತಿ. ಅಜ್ಜನ ಕಾಲದ ಲೈನ್ ಮನೆಯ ಗೋಡೆ ಆಗಸ್ಟ್ ಮಳೆಯಲ್ಲಿ ಬಿದ್ದರೆ, ಅದು ವಿಕೋಪವೋ ರಿಪೇರಿ ಮಾಡಿಸದ ತಪ್ಪೋ ಅಂತ ವಾದ ನಡೆಯುತ್ತದೆ.

ವಿಮೆ ಮಾಡಿಸಿ. ಕಾರ್ಮಿಕರ ಪರಿಹಾರಕ್ಕೆಂದೇ ಪಾಲಿಸಿಗಳಿವೆ. ಆದರೆ ಪಾಲಿಸಿಯಲ್ಲಿ ಎಂಟು ಜನ ಅಂತ ತೋರಿಸಿ ಮೂವತ್ತು ಜನರನ್ನು ದುಡಿಸಿದರೆ ಕ್ಲೇಮ್ ದಿನ ಗೊತ್ತಾಗುತ್ತದೆ. ತಡ ಮಾಡಿದ್ದಕ್ಕೆ ಬೀಳುವ ದಂಡವನ್ನು ವಿಮಾ ಕಂಪನಿ ಕಟ್ಟಬೇಕಿಲ್ಲ ಅಂತಲೂ ಸುಪ್ರೀಂ ಕೋರ್ಟ್ ಹೇಳಿದೆ. ಅದು ನಿಮ್ಮ ಜೇಬಿನದ್ದು. ಏಣಿ ಮಾತ್ರ ಫೈಬರ್‌ದೋ ಬಿದಿರಿನದೋ ತನ್ನಿ. ತಂತಿ ಹತ್ತಿರದ ಸಾಲುಗಳನ್ನು ಕೊಯ್ಯುವ ದಿನ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿ.

ಖಾಯಂ ಆಳುಗಳು, ಮಾರುವ ತೋಟಗಳು

ಲೈನ್ ಮನೆಯಲ್ಲಿದ್ದುಕೊಂಡು ಇಪ್ಪತ್ತು ಮೂವತ್ತು ವರ್ಷ ದುಡಿದವರ ಗ್ರಾಚ್ಯುಟಿ ಬಗ್ಗೆ ಯಾರೂ ಮುಂಚೆ ಯೋಚಿಸುವುದಿಲ್ಲ. ಒಂದು ವರ್ಷದ ಸೇವೆಗೆ 15 ದಿನದ ಕೂಲಿ. ತಿಂಗಳ ಕೂಲಿಯನ್ನು 26ರಿಂದ ಭಾಗಿಸಿ ದಿನದ ಕೂಲಿ ತೆಗೆಯುತ್ತಾರೆ. ತಿಂಗಳಿಗೆ 12,000 ಪಡೆಯುವವರು 22 ವರ್ಷ ಕೆಲಸ ಮಾಡಿದ್ದರೆ ಸುಮಾರು 1,52,000 ರೂಪಾಯಿ. ಐದು ಜನ ಒಟ್ಟಿಗೆ ಬಿಟ್ಟರೆ ಒಂದು ವರ್ಷದ ಕಾಫಿ ಬೆಲೆ ಲೆಕ್ಕ ತಪ್ಪುತ್ತದೆ. ಸೇವೆ ಮುರಿಯಲಿ ಅಂತ ನಾಲ್ಕು ವರ್ಷಕ್ಕೊಮ್ಮೆ ರಾಜೀನಾಮೆ ಬರೆಸಿಕೊಳ್ಳುವುದು, ಚೆಕ್‌ರೋಲ್‌ನಲ್ಲಿ ಹೆಂಡತಿಯ ಹೆಸರು ಹಾಕುವುದು ಇವೆಲ್ಲ ಹಳೇ ಚಾಳಿ. ಲೈನ್ ಮನೆ ಅದೇ, ಮನುಷ್ಯ ಅವನೇ, ಅಕ್ಕಪಕ್ಕದವರೆಲ್ಲ ಸಾಕ್ಷಿ. ಅಧಿಕಾರಿ ನಂಬುವುದಿಲ್ಲ.

ಈಗೀಗ ಬೆಂಗಳೂರಿನವರು ಇಲ್ಲಿ ತೋಟ ಕೊಳ್ಳುವುದು ಜಾಸ್ತಿ. ಪಹಣಿ ನೋಡುತ್ತಾರೆ, ಇಸಿ (ಋಣಭಾರ ಪತ್ರ) ತೆಗೆಸುತ್ತಾರೆ, ನೀರಿನ ಮೂಲ ನೋಡುತ್ತಾರೆ. ಚೆಕ್‌ರೋಲ್ ಕೇಳುವುದೇ ಇಲ್ಲ. ಹಳೇ ಆಳುಗಳು ಹೊಸ ಮಾಲೀಕರ ಕೈಕೆಳಗೆ ಹಾಗೇ ಮುಂದುವರಿದರೆ ಅವರ ಹಳೇ ಸೇವೆಯೂ ಜೊತೆಗೇ ಬರುತ್ತದೆ. ಮುಂದುವರಿಸದಿದ್ದರೆ ನೋಟಿಸ್ ಮತ್ತು ಪರಿಹಾರ ಕೊಡಬೇಕು. ಯಾರ ಕಾಲದ ಗ್ರಾಚ್ಯುಟಿ ಯಾರು ಕೊಡುವುದು ಅಂತ ಕ್ರಯಪತ್ರಕ್ಕೆ ಮುಂಚೆ ಬರೆದುಕೊಳ್ಳಿ. ‘ಮನೆ ಖಾಲಿ ಮಾಡಿಸಿಕೊಡ್ತೀನಿ’ ಅನ್ನುವ ಬ್ರೋಕರ್ ಮಾತು ನಂಬಿ ಲೈನ್ ಮನೆಯ ಕರೆಂಟು ಕಿತ್ತವರು ಮೊದಲ ತಿಂಗಳಲ್ಲೇ ಪೊಲೀಸ್ ಠಾಣೆ ನೋಡಬೇಕಾಗುತ್ತದೆ.

ಕೆಲಸ ಬಿಡಿಸುವ ವಿಷಯಕ್ಕೆ ಬಂದರೆ, ಒಬ್ಬರನ್ನು ತೆಗೆದರೂ ಅವರಾಗೇ ಬಿಟ್ಟರೂ ಬಾಕಿ ಕೂಲಿಯನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು. ಹಾಸನದ ಕೈಗಾರಿಕಾ ಪ್ರದೇಶದ ಕಾರ್ಖಾನೆಯಾಗಲಿ, ಬೇಲೂರು ರಸ್ತೆಯ ಹೋಟೆಲಾಗಲಿ, ನಿಯಮ ಒಂದೇ. ಕಂಪನಿ ನಡೆಸುವವರಿಗೆ ಇನ್ನೊಂದು ಮಾತು. ಭತ್ಯೆಗಳನ್ನು ಎಷ್ಟು ಉಬ್ಬಿಸಿದರೂ ಅವು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೇ ಸೇರಿಸಿ ಪಿಎಫ್, ಗ್ರಾಚ್ಯುಟಿ ಲೆಕ್ಕ ಹಾಕಬೇಕು.

ಹೋಂಸ್ಟೇ ಇಟ್ಟವರು

ಚಿಕ್ಕಮಗಳೂರಿನಲ್ಲಿ ತೋಟದ ಮನೆಯನ್ನೇ ಹೋಂಸ್ಟೇ ಮಾಡಿದವರು ಅಡುಗೆಯವರನ್ನೂ ರೂಮು ಗುಡಿಸುವವರನ್ನೂ ‘ಮನೆಯವರ ಥರ’ ಅನ್ನುತ್ತಾರೆ. ಆದರೆ ಅವರು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆಯ ಲೆಕ್ಕದವರು. ಶನಿವಾರ ಭಾನುವಾರ ರಾತ್ರಿ ಹನ್ನೊಂದರವರೆಗೆ ನಿಲ್ಲಿಸಿಕೊಂಡರೆ ಹೆಚ್ಚುವರಿ ಕೂಲಿ ಕೊಡಬೇಕು.

ತೋಟ, ಹೋಂಸ್ಟೇ ಯಾವುದೇ ಇರಲಿ, 10 ಜನ ಇದ್ದರೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಬೇಕು. ಅಧ್ಯಕ್ಷರು ಮಹಿಳೆ, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಹಣ್ಣಿನ ತೂಕ ಹಾಕುವ ಜಾಗ, ಆಳು ಕರೆತರುವ ಜೀಪು, ಎಲ್ಲವೂ ಕೆಲಸದ ಜಾಗವೇ.

ಕೊನೆಯದಾಗಿ ಮಕ್ಕಳು. ಹೊರಗಿನಿಂದ ಬರುವವರು ಸಂಸಾರ ಸಮೇತ ಬರುತ್ತಾರೆ. ಹನ್ನೆರಡು ವರ್ಷದ ಹುಡುಗ ಅಮ್ಮನ ಜೊತೆ ಸಾಲು ಹಿಡಿದು ಹಣ್ಣು ಬಿಡಿಸುತ್ತಾನೆ, ಅವನ ಕೆಜಿಯೂ ಅಮ್ಮನ ಚೀಲಕ್ಕೆ ಸೇರುತ್ತದೆ. ‘ನಾವು ಅವನನ್ನ ಕೆಲಸಕ್ಕೆ ಇಟ್ಟಿಲ್ಲ’ ಅನ್ನುವುದು ಸುಮ್ನೆ ಮಾತು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಹಚ್ಚುವಂತಿಲ್ಲ. ಮನೆಯವರದ್ದೇ ಕಸುಬಿನಲ್ಲಿ ಶಾಲೆ ಬಿಟ್ಟ ಮೇಲೆ ಕೈಜೋಡಿಸಬಹುದು ಅನ್ನುವ ವಿನಾಯಿತಿ ಇದೆ. ಆದರೆ ನಿಮ್ಮ ತೋಟ ಅವರ ಮನೆ ಕಸುಬಲ್ಲ. ಶಿಕ್ಷೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಗ್ಯಾಂಗ್ ಬಂದ ವಾರವೇ ಮಕ್ಕಳ ಹೆಸರು ಬರೆದುಕೊಂಡು ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ. ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ಶಾಲೆಯವರು ವಾಪಸ್ ಕಳಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದು ಇದೆ.